ಹೆಸರು ಒಂದೇ, ಮಾಲೀಕ ಬೇರೆ: ಫಾಸ್ಟ್‌ಫುಡ್ ಶಾಖೆಗಳ ರುಚಿ ಏಕೆ ಹೊಂದುವುದಿಲ್ಲ?

ಕೋಲಾರದ ಟಮಕದ ಕಾಲೇಜು ಹುಡುಗರನ್ನು ಕೇಳಿ, ಪಕ್ಕದ ನರಸಾಪುರದ ಕಾರ್ಖಾನೆಯಲ್ಲಿ ಪಾಳಿ ಮುಗಿಸಿ ಬರುವವರನ್ನು ಕೇಳಿ, ದೂರು ಒಂದೇ: 'ಬೆಂಗಳೂರಿನಲ್ಲಿ ತಿಂದಾಗ ಹೀಗಿರಲಿಲ್ಲ.' ಅದೇ ಹೆಸರು, ಅದೇ ಬಣ್ಣದ ಡಬ್ಬ, ಹೆಚ್ಚುಕಡಿಮೆ ಅದೇ ಬೆಲೆ. ಆದರೆ ಚಿಕನ್ ಮುಟ್ಟಿದರೆ ಕೈಗೆಲ್ಲ ಎಣ್ಣೆ, ಫ್ರೈಸ್ ಬಾಗಿ ಬಿದ್ದಿವೆ, ತಂಪುಪಾನೀಯಕ್ಕೆ ನೀರಿನದೇ ರುಚಿ. ಕೋಲಾರಕ್ಕೂ ಬೆಂಗಳೂರಿಗೂ ಇರುವ ದೂರ ಸುಮಾರು 70 ಕಿಲೋಮೀಟರ್. ಅಷ್ಟರಲ್ಲಿ ಒಂದು ತಿನಿಸು ಇಷ್ಟು ಬದಲಾಗುವುದು ಹೇಗೆ?

ಇದಕ್ಕೆ ಊರಿನಲ್ಲಿ ಎರಡು ಉತ್ತರಗಳು ಸಿದ್ಧವಾಗಿವೆ. ಸಣ್ಣ ಊರಿನವರೆಂಬ ತಾತ್ಸಾರ ಎನ್ನುವುದು ಒಂದು, ಇಲ್ಲಿಯ ಹುಡುಗರಿಗೆ ಕೆಲಸ ಬರುವುದಿಲ್ಲ ಎನ್ನುವುದು ಇನ್ನೊಂದು. ಎರಡೂ ಹೇಳಲು ಸುಲಭ. ಎರಡರಲ್ಲೂ ಹುರುಳು ಕಡಿಮೆ.

ಕೆಲಸದ ವಿಷಯವನ್ನೇ ಮೊದಲು ನೋಡೋಣ. ಫಾಸ್ಟ್‌ಫುಡ್ ಚೈನ್‌ನ ಇಡೀ ವ್ಯವಸ್ಥೆಯನ್ನು ಅಡುಗೆಯವರ ಕೈಗುಣ ನಂಬದೆ ನಡೆಯುವಂತೆ ಕಟ್ಟಲಾಗಿದೆ. ಆಲೂಗಡ್ಡೆ ಕಾರ್ಖಾನೆಯಲ್ಲೇ ಕತ್ತರಿಸಿಕೊಂಡು, ಅರೆಬೆಂದು, ಹೆಪ್ಪುಗಟ್ಟಿ ಬರುತ್ತದೆ. ಬರ್ಗರ್ ಒಳಗಿಡುವ ಪ್ಯಾಟಿಯ ತೂಕ ಮೊದಲೇ ನಿಗದಿಯಾಗಿರುತ್ತದೆ. ಮಸಾಲೆ ಅಳತೆಯ ಪೊಟ್ಟಣದಲ್ಲಿರುತ್ತದೆ. ಡೋಮಿನೋಸ್‌ನ ಪಿಜ್ಜಾ ಹಿಟ್ಟನ್ನು ಕೇಂದ್ರ ಅಡುಗೆಮನೆಯಲ್ಲಿ ನಾದಿ, ಉಂಡೆ ಕಟ್ಟಿ, ಶೀತಲ ಲಾರಿಯಲ್ಲಿ ಮಳಿಗೆಗಳಿಗೆ ಕಳಿಸುತ್ತಾರೆ. ಬೆಂದಾಯಿತು ಎಂದು ಹೇಳಲು ಫ್ರೈಯರ್‌ನಲ್ಲೇ ಗಂಟೆಯಿದೆ. ಟೋಪಿ ಹಾಕಿಕೊಂಡು ಒಳಗೆ ನಿಂತ ಹುಡುಗನಿಗೆ ಉಪ್ಪು ಹೆಚ್ಚೋ ಕಡಿಮೆಯೋ ಎಂದು ತೀರ್ಮಾನಿಸುವ ಸ್ವಾತಂತ್ರ್ಯವೂ ಇಲ್ಲ. ಮುಳಬಾಗಿಲು ದೋಸೆ ಹುಯ್ಯುವವರ ಕೈಗೂ ಈ ಹುಡುಗನ ಕೈಗೂ ಹೋಲಿಕೆಯೇ ಸಲ್ಲದು.

ಟೊಮೆಟೊ ವಿಷಯವಂತೂ ವಿಚಿತ್ರ. ದೇಶದ ದೊಡ್ಡ ಟೊಮೆಟೊ ಮಾರುಕಟ್ಟೆಗಳಲ್ಲೊಂದು ಕೋಲಾರದ ಎಪಿಎಂಸಿ. ಆದರೆ ಅದರ ಪಕ್ಕದಲ್ಲೇ ಒಂದು ಬರ್ಗರ್ ಮಳಿಗೆ ತೆರೆದರೂ ಅದರ ಮಾಲೀಕ ಚೀಲ ಹಿಡಿದು ಮಂಡಿಗೆ ಹೋಗುವಂತಿಲ್ಲ. ಕಂಪನಿ ಒಪ್ಪಿದ ಸರಬರಾಜುದಾರರಿಂದ, ಕಂಪನಿಯ ದಾಸ್ತಾನು ಕೇಂದ್ರದ ಮೂಲಕವೇ ಅವನಿಗೆ ಟೊಮೆಟೊ ಬರಬೇಕು. ಕೋಲಾರದ ಹಣ್ಣು ಬೆಂಗಳೂರಿಗೆ ಹೋಗಿ, ತೊಳೆಸಿಕೊಂಡು, ಲಾರಿ ಹತ್ತಿ ಮತ್ತೆ ಕೋಲಾರಕ್ಕೆ ಬಂದರೂ ಆಶ್ಚರ್ಯವಿಲ್ಲ.

ಇಷ್ಟೆಲ್ಲ ಬಿಗಿ ಮಾಡಿದ ಮೇಲೂ ಶಾಖೆಯ ಕೈಯಲ್ಲಿ ನಾಲ್ಕು ಸಂಗತಿಗಳು ಉಳಿಯುತ್ತವೆ: ಎಣ್ಣೆ, ಹೊತ್ತು, ತಂಪು, ನೀರು. ನಾಲಗೆಗೆ ಗೊತ್ತಾಗುವ ವ್ಯತ್ಯಾಸದ ಬಹುಪಾಲು ಇವುಗಳಿಂದಲೇ ಬರುತ್ತದೆ.

ಎಣ್ಣೆ ಇವುಗಳಲ್ಲಿ ಮುಖ್ಯ. ಕಾದಷ್ಟೂ, ಕರಿದಷ್ಟೂ ಎಣ್ಣೆ ಒಡೆಯುತ್ತದೆ. ಹೀಗೆ ಒಡೆದಾಗ ಹುಟ್ಟುವ ಧ್ರುವೀಯ ಸಂಯುಕ್ತಗಳು ಅದರಲ್ಲಿ ಹೆಚ್ಚುತ್ತವೆ. ಇವುಗಳ ಪ್ರಮಾಣ ಶೇ 25 ಮೀರಿದ ಎಣ್ಣೆಯನ್ನು ಬಳಸಬಾರದೆಂಬ ನಿಯಮವನ್ನು ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರ 2018ರ ಜುಲೈ 1ರಿಂದ ಜಾರಿಗೆ ತಂದಿದೆ. ಹಳೆಯ ಎಣ್ಣೆಯಲ್ಲಿ ಕರಿದದ್ದು ಮೇಲೆ ಬೇಗ ಕಂದಾಗುತ್ತದೆ, ಒಳಗೆ ಬೇಯುವುದು ಹಿಂದೆ ಬೀಳುತ್ತದೆ, ಎಣ್ಣೆಯನ್ನೂ ಹೆಚ್ಚು ಹೀರುತ್ತದೆ. ಕೈಗಂಟುವ ಜಿಡ್ಡಿನ ಮೂಲ ಇದು. ಒಂದೇ ಬಾರಿಗೆ ಬುಟ್ಟಿ ತುಂಬ ಸುರಿದರೂ ಎಣ್ಣೆಯ ಕಾವು ಇಳಿದು ಇದೇ ಗತಿಯಾಗುತ್ತದೆ. ದಿನಕ್ಕೆ 50 ಲೀಟರ್‌ಗಿಂತ ಹೆಚ್ಚು ಎಣ್ಣೆಯನ್ನು ಕರಿಯಲು ಬಳಸುವವರು ಅದರ ಲೆಕ್ಕ ಬರೆದಿಡಬೇಕು ಎಂಬ ನಿಬಂಧನೆಯೂ ಇದೆ. ಆದರೆ ವ್ಯಾಪಾರ ಮಂದವಾಗಿರುವ ಊರಿನ ಶಾಖೆ ಆ 50 ಲೀಟರ್ ಗೆರೆಯನ್ನು ಮುಟ್ಟದೆಯೇ ಇರಬಹುದು. ಶೇ 25ರ ಮಿತಿ ಅದಕ್ಕೂ ಅನ್ವಯಿಸುತ್ತದೆ, ಲೆಕ್ಕದ ಪುಸ್ತಕ ಅನ್ವಯಿಸುವುದಿಲ್ಲ. ಪುಸ್ತಕವಿಲ್ಲದ ಕಡೆ ಮಿತಿ ಎಷ್ಟರಮಟ್ಟಿಗೆ ಪಾಲನೆಯಾದೀತು ಎಂಬುದನ್ನು ಊಹಿಸುವುದು ಕಷ್ಟವಲ್ಲ.

ಹೊತ್ತಿನದು ಇನ್ನೂ ಸೂಕ್ಷ್ಮ. ಕರಿದ ಫ್ರೈಸ್ ಏಳು ನಿಮಿಷದೊಳಗೆ ಮಾರಾಟವಾಗದಿದ್ದರೆ ಬಿಸಾಡಬೇಕು ಎಂಬುದು ಮೆಕ್‌ಡೊನಾಲ್ಡ್ಸ್‌ನ ಪ್ರಸಿದ್ಧ ನಿಯಮ. ಬೇರೆ ಚೈನ್‌ಗಳಲ್ಲೂ ಒಂದೊಂದು ತಿನಿಸಿಗೆ ಒಂದೊಂದು ಗಡುವಿದೆ. ಬೆಂಗಳೂರಿನ ಮಾಲ್‌ನಲ್ಲಿ ಈ ಗಡುವು ಯಾರ ಗಮನಕ್ಕೂ ಬರುವುದಿಲ್ಲ. ಬುಟ್ಟಿ ಎತ್ತುವುದರೊಳಗೆ ಸಾಲು ನಿಂತಿರುತ್ತದೆ. ಕೋಲಾರದಲ್ಲಿ ಮಧ್ಯಾಹ್ನ ಮೂರರಿಂದ ಸಂಜೆ ಆರರವರೆಗೆ ಮಳಿಗೆ ಖಾಲಿ ಹೊಡೆಯುತ್ತಿರುತ್ತದೆ. ಅಂಥ ಹೊತ್ತಿನಲ್ಲಿ ಇಬ್ಬರು ಬಂದು ನಾಲ್ಕು ತುಂಡು ಚಿಕನ್ ಕೇಳಿದರೆ ಮೂರು ದಾರಿಗಳಿವೆ. ಹೊಸದಾಗಿ ಕರಿದುಕೊಡುವುದಾದರೆ ಗಿರಾಕಿ ಕಾಯಬೇಕು. ಮೊದಲೇ ಕರಿದಿಟ್ಟು, ಗಡುವು ಮೀರಿದ್ದನ್ನು ಬಿಸಾಡುವುದಾದರೆ ಮಾಲೀಕನಿಗೆ ನಷ್ಟ. ಮೂರನೆಯದು, ಬಿಸಿ ಪೆಟ್ಟಿಗೆಯಲ್ಲಿ ಒಣಗಿ ಕೂತದ್ದನ್ನೇ ನಗುಮುಖದಿಂದ ತಟ್ಟೆಗೆ ಹಾಕುವುದು. ಯಾವುದನ್ನು ಆರಿಸುತ್ತಾರೆಂದು ತಿಂದವರಿಗೆ ಗೊತ್ತು. ಆದ್ದರಿಂದಲೇ ಜನ ಕಿಕ್ಕಿರಿದ ಶಾಖೆಯಲ್ಲಿ ಮೇಜು ಕೊಳಕಾಗಿದ್ದರೂ ತಿನಿಸು ಚೆನ್ನಾಗಿರುತ್ತದೆ; ಖಾಲಿ ಶಾಖೆಯಲ್ಲಿ ಮೇಜು ಫಳಫಳ ಹೊಳೆಯುತ್ತದೆ, ತಿನಿಸು ಸತ್ತಿರುತ್ತದೆ.

ತಂಪಿನ ವಿಷಯದಲ್ಲಿ ಹೆಚ್ಚು ಹೇಳಬೇಕಿಲ್ಲ. ಹೆಪ್ಪುಗಟ್ಟಿದ ಪದಾರ್ಥ ಮೈನಸ್ 18 ಡಿಗ್ರಿಯಲ್ಲಿರಬೇಕು. ಕರೆಂಟು ಹೋಗಿ, ಜನರೇಟರ್‌ಗೆ ಡೀಸೆಲ್ ಯಾಕೆ ಸುಡಬೇಕು ಎಂದು ಗಂಟೆಗಟ್ಟಲೆ ಸುಮ್ಮನಿದ್ದರೆ ಫ್ರೀಜರ್‌ನಲ್ಲಿದ್ದದ್ದು ಅರೆಕರಗಿ, ಮತ್ತೆ ಹೆಪ್ಪುಗಟ್ಟುತ್ತದೆ. ಆಗ ಒಳಗೆ ದೊಡ್ಡ ಹರಳುಗಳಾಗಿ ಆಲೂಗಡ್ಡೆಯ ಜೀವಕೋಶಗಳು ಒಡೆಯುತ್ತವೆ. ಅಂಥದ್ದನ್ನು ಎಷ್ಟು ಒಳ್ಳೆಯ ಎಣ್ಣೆಯಲ್ಲಿ ಕರಿದರೂ ಗರಿಗರಿ ಆಗುವುದಿಲ್ಲ.

ನೀರು ಮಾತ್ರ ಕೋಲಾರದ ಸ್ವಂತ ಸಮಸ್ಯೆ. ನದಿಯ ಆಸರೆಯಿಲ್ಲದ ಜಿಲ್ಲೆ, ಆಳದ ಕೊಳವೆಬಾವಿ, ಗಡಸು ನೀರು, ಹಲವು ಕಡೆ ಫ್ಲೋರೈಡ್. ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಕೆರೆಗಳಿಗೆ ಹರಿಯುತ್ತಿದೆ, ಆದರೆ ಅದು ಅಂತರ್ಜಲ ತುಂಬಲು. ಮಳಿಗೆಯ ತೊಟ್ಟಿಗೆ ಬರುವುದು ಹೆಚ್ಚಾಗಿ ಕೊಳವೆಬಾವಿಯ ಅಥವಾ ಟ್ಯಾಂಕರ್ ನೀರು. ಯಂತ್ರದಿಂದ ಲೋಟಕ್ಕೆ ಬೀಳುವ ಕೋಲಾದಲ್ಲಿ ಸಾಮಾನ್ಯವಾಗಿ ಒಂದು ಪಾಲು ಸಿರಪ್, ಐದು ಪಾಲು ನೀರು. ಅಂದರೆ ನಾವು ಕುಡಿಯುವುದರಲ್ಲಿ ಬಹುಪಾಲು ಊರಿನ ನೀರೇ. ಕುಡಿಯುವ ನೀರಿನಲ್ಲಿ ಕರಗಿದ ಲವಣಾಂಶ ಲೀಟರಿಗೆ 500 ಮಿಲಿಗ್ರಾಂ ಒಳಗಿರಲಿ, ಬೇರೆ ನೀರಿನ ಮೂಲವಿಲ್ಲದಿದ್ದರೆ 2,000ದವರೆಗೂ ನಡೆದೀತು ಎನ್ನುತ್ತದೆ ಭಾರತೀಯ ಮಾನಕ. ಆ 500ಕ್ಕೂ 2,000ಕ್ಕೂ ನಡುವೆ ಕೋಲಾದ ರುಚಿ ಕೆಡಲು ಬೇಕಾದಷ್ಟು ಜಾಗವಿದೆ. ಶುದ್ಧೀಕರಣ ಯಂತ್ರದ ಪೊರೆಯನ್ನು ಗಡಸು ನೀರಿನ ಊರಿನಲ್ಲಿ ಬೆಂಗಳೂರಿಗಿಂತ ಬೇಗ ಬದಲಿಸಬೇಕಾಗುತ್ತದೆ. ಕಂಪನಿಯ ಕೈಪಿಡಿ ಎಲ್ಲ ಊರಿಗೂ ಒಂದೇ ಅವಧಿ ಹೇಳಿದ್ದರೆ, ಕೈಪಿಡಿ ಪಾಲಿಸಿಯೂ ಪಾನೀಯ ಕೆಡುತ್ತದೆ.

ಈ ನಾಲ್ಕರಲ್ಲೂ ಗುಟ್ಟೇನಿಲ್ಲ. ಮಳಿಗೆ ನಡೆಸುವ ಪ್ರತಿಯೊಬ್ಬರಿಗೂ ಇವು ಗೊತ್ತು. ಗೊತ್ತಿದ್ದೂ ಎಣ್ಣೆ ಬದಲಿಸುವುದಿಲ್ಲವೆಂದರೆ ಅದಕ್ಕೆ ಕಾರಣ ಅಡುಗೆಮನೆಯಲ್ಲಿಲ್ಲ, ಲೆಕ್ಕಪತ್ರದಲ್ಲಿದೆ.

ಹೆಸರಾಂತ ಕಂಪನಿಯ ಮಳಿಗೆ ಎಂದು ನಾವು ಒಳಗೆ ಹೋಗುತ್ತೇವೆ. ಆ ಮಳಿಗೆ ಆ ಕಂಪನಿಯದೇ ಆಗಿರುವುದು ಅಪರೂಪ. ಭಾರತದ ಮೊದಲ ಕೆಎಫ್‌ಸಿ 1995ರಲ್ಲಿ ಬೆಂಗಳೂರಿನಲ್ಲೇ ತೆರೆಯಿತು, ಆದರೆ ಇಲ್ಲಿಯ ಕೆಎಫ್‌ಸಿ ಮಳಿಗೆಗಳನ್ನು ವರ್ಷಗಳಿಂದ ನಡೆಸಿಕೊಂಡು ಬಂದಿರುವುದು ಮುಖ್ಯವಾಗಿ ದೇವಯಾನಿ ಇಂಟರ್‌ನ್ಯಾಷನಲ್ ಮತ್ತು ಸಫೈರ್ ಫುಡ್ಸ್ ಎಂಬ ಭಾರತೀಯ ಕಂಪನಿಗಳು. ಮೆಕ್‌ಡೊನಾಲ್ಡ್ಸ್ ಪಶ್ಚಿಮ ಮತ್ತು ದಕ್ಷಿಣದಲ್ಲಿ ವೆಸ್ಟ್‌ಲೈಫ್ ಕಂಪನಿಯದು, ಉತ್ತರ ಮತ್ತು ಪೂರ್ವದಲ್ಲಿ ಕನಾಟ್ ಪ್ಲಾಜಾ ರೆಸ್ಟೋರೆಂಟ್ಸ್‌ನದು. 2017ರ ಆಗಸ್ಟ್‌ನಲ್ಲಿ ಅಮೆರಿಕದ ಕಂಪನಿ ಉತ್ತರ-ಪೂರ್ವದ 169 ಮಳಿಗೆಗಳ ಒಪ್ಪಂದ ರದ್ದು ಮಾಡಿದಾಗ ಜಗಳ ಅಲ್ಲಿ ನಡೆಯಿತು, ದಕ್ಷಿಣದ ಮಳಿಗೆಗಳು ತಮ್ಮ ಪಾಡಿಗೆ ತಾವು ವ್ಯಾಪಾರ ಮಾಡಿದವು. 2023ರ ಜುಲೈನಲ್ಲಿ ಕೋಲಾರದ ಎಪಿಎಂಸಿಯಲ್ಲಿ 15 ಕೆ.ಜಿ. ಟೊಮೆಟೊ ಬಾಕ್ಸ್ 2,000 ರೂಪಾಯಿ ದಾಟಿದ ದಿನಗಳಲ್ಲಿ, ಉತ್ತರ ಮತ್ತು ಪೂರ್ವದ ಅನೇಕ ಮಳಿಗೆಗಳು ಬರ್ಗರ್‌ನಿಂದ ಟೊಮೆಟೊವನ್ನೇ ತೆಗೆದವು. ಒಂದೇ ಹೆಸರಿನ ಬರ್ಗರ್ ಒಳಗೆ ಏನಿರಬೇಕು ಎಂಬುದನ್ನೂ ಆಯಾ ಪ್ರದೇಶದ ಮಾಲೀಕ ತೀರ್ಮಾನಿಸಬಲ್ಲ ಎಂಬುದಕ್ಕೆ ಇದು ಸಾಕು.

ಇವರೆಲ್ಲ ದೊಡ್ಡ ಕಂಪನಿಗಳು, ಇವರಿಗೆ ತಪಾಸಣೆಯ ತಂಡಗಳಿವೆ. ಜಿಲ್ಲಾ ಕೇಂದ್ರಗಳಲ್ಲಿ ಈಗ ಮೂಲೆಮೂಲೆಗೆ ತೆರೆಯುತ್ತಿರುವ ಚಿಕನ್, ಬರ್ಗರ್, ಬಿರಿಯಾನಿ, ಚಹಾ ಚೈನ್‌ಗಳ ಕಥೆ ಬೇರೆ. ಅಲ್ಲಿ ಫ್ರಾಂಚೈಸಿ (ಹಣ ಕೊಟ್ಟು ಕಂಪನಿಯ ಹೆಸರಿನಲ್ಲಿ ಮಳಿಗೆ ನಡೆಸುವವರು) ಎಂದರೆ ಒಂದು ಕುಟುಂಬ. ಜಮೀನಿನ ಪರಿಹಾರವೋ ನಿವೃತ್ತಿಯ ಹಣವೋ ಕೈಗೆ ಬಂದಿದೆ, ಮಗನಿಗೆ ಒಂದು ದಾರಿ ಮಾಡಬೇಕು, ಕಂಪನಿಯವರು ಬಂದು ಬಣ್ಣದ ಪುಸ್ತಿಕೆ ಕೊಟ್ಟು ಹೋಗಿದ್ದಾರೆ. ಅಮೆರಿಕದಲ್ಲಿ ಫ್ರಾಂಚೈಸಿ ಮಾರುವವರು ಒಪ್ಪಂದಕ್ಕೆ ಮುಂಚೆ ವಿವರಗಳನ್ನು ಬರಹದಲ್ಲಿ ಬಹಿರಂಗಪಡಿಸಬೇಕೆಂಬ ನಿಯಮವಿದೆ. ನಮ್ಮಲ್ಲಿ ಫ್ರಾಂಚೈಸಿಗೆಂದೇ ಒಂದು ಪ್ರತ್ಯೇಕ ಕಾನೂನಿಲ್ಲ.

ಆ ಕುಟುಂಬದ ಲೆಕ್ಕವನ್ನು ಒಂದು ಕಲ್ಪಿತ ಉದಾಹರಣೆಯಲ್ಲಿ ನೋಡೋಣ. ತಿಂಗಳ ವ್ಯಾಪಾರ 6 ಲಕ್ಷ ರೂಪಾಯಿ, ಕಂಪನಿಗೆ ಕೊಡಬೇಕಾದ ರಾಯಲ್ಟಿ ಶೇ 6 ಎಂದಿಟ್ಟುಕೊಳ್ಳಿ. ಅದು 36,000. ಅದರ ಮೇಲೆ ಶೇ 18 ಜಿಎಸ್‌ಟಿ ಸೇರಿ 42,480. 2017ರ ನವೆಂಬರ್‌ನಿಂದ ರೆಸ್ಟೋರೆಂಟ್‌ಗಳು ಸಾಮಾನ್ಯವಾಗಿ ಗಿರಾಕಿಯಿಂದ ಶೇ 5 ತೆರಿಗೆ ಪಡೆಯುತ್ತವೆ, ಆದರೆ ತಾವು ಕಟ್ಟಿದ ತೆರಿಗೆಯನ್ನು ಅದರಿಂದ ವಜಾ ಮಾಡಿಕೊಳ್ಳುವ ಅವಕಾಶ ಅವುಗಳಿಗಿಲ್ಲ. ಆದ್ದರಿಂದ ಆ 6,480 ರೂಪಾಯಿ ಮಾಲೀಕನ ಜೇಬಿನಿಂದಲೇ ಹೋಗುತ್ತದೆ. ಇಲ್ಲಿ ಗಮನಿಸಬೇಕಾದದ್ದು ಬೇರೆ. ರಾಯಲ್ಟಿ ಬರುವುದು ವ್ಯಾಪಾರದ ಮೇಲೆ, ಲಾಭದ ಮೇಲಲ್ಲ. ಮಾಲೀಕ ನಷ್ಟದಲ್ಲಿದ್ದರೂ ಕಂಪನಿಗೆ ಅದರ 36,000 ಸಿಗುತ್ತದೆ.

ಉಳಿದ ಖರ್ಚನ್ನು ಕಡಿಮೆ ಮಾಡಿಕೊಳ್ಳೋಣವೆಂದರೆ, ಬಾಡಿಗೆ ಕರಾರಿನಲ್ಲಿದೆ. ಚಿಕನ್, ಬನ್ನು, ಮಸಾಲೆ, ಡಬ್ಬ ಎಲ್ಲವನ್ನೂ ಕಂಪನಿ ಹೇಳಿದವರಿಂದ ಕಂಪನಿ ಹೇಳಿದ ಬೆಲೆಗೆ ಕೊಳ್ಳಬೇಕು. ಆಹಾರ ತರಿಸಿಕೊಳ್ಳುವ ಆ್ಯಪ್‌ಗಳ ಕಮಿಷನ್ ಬಗ್ಗೆ ಚೌಕಾಸಿ ಮಾಡುವ ಶಕ್ತಿ ಅವನಿಗಿಲ್ಲ. ಅವನ ಕೈಯಲ್ಲಿ ಉಳಿಯುವುದು ಮೂರೇ: ಎಣ್ಣೆಯನ್ನು ಎಷ್ಟು ದಿನಕ್ಕೊಮ್ಮೆ ಬದಲಿಸುವುದು, ಗಡುವು ಮೀರಿದ್ದನ್ನು ಬಿಸಾಡುವುದೋ ಇಡುವುದೋ, ಎಷ್ಟು ಜನರನ್ನು ಎಷ್ಟು ಸಂಬಳಕ್ಕೆ ಇಟ್ಟುಕೊಳ್ಳುವುದು. ಮೂರೂ ನೇರ ತಟ್ಟೆಗೆ ತಟ್ಟುವಂಥವು. ಕಂಪನಿ ಬಿಗಿ ಮಾಡಿದಷ್ಟೂ ಉಳಿತಾಯದ ಒತ್ತಡವೆಲ್ಲ ಗುಣಮಟ್ಟದ ಈ ಮೂರು ಜಾಗಗಳಿಗೇ ಬಂದು ಬೀಳುತ್ತದೆ. ತಾತ್ಸಾರ, ದುರಾಸೆ ಎಂಬ ಮಾತುಗಳಿಗಿಂತ ಇದು ಹೆಚ್ಚು ನಿಜ.

ಕೆಲಸಗಾರರ ವಿಷಯವೂ ಇಲ್ಲಿಯೇ ಬರುತ್ತದೆ. ನರಸಾಪುರ, ವೇಮಗಲ್ ಕೈಗಾರಿಕಾ ಪ್ರದೇಶಗಳು ಇದೇ ವಯಸ್ಸಿನ ಹುಡುಗ ಹುಡುಗಿಯರನ್ನು ಕರೆದುಕೊಳ್ಳುತ್ತವೆ, ಬಸ್ಸು ಕಳಿಸುತ್ತವೆ, ಭವಿಷ್ಯನಿಧಿ ಕಟ್ಟುತ್ತವೆ. ಫ್ರೈಯರ್ ಮುಂದೆ ಹತ್ತು ತಾಸು ನಿಲ್ಲಲು ಯಾರು ಉಳಿಯುತ್ತಾರೆ? ಬಂದವನು ಕೆಲಸ ಕಲಿತ ಮೇಲೆ ಹೋಗುತ್ತಾನೆ, ಹೊಸಬ ಬರುತ್ತಾನೆ. ಪ್ರತಿ 25 ಕೆಲಸಗಾರರಿಗೆ ತರಬೇತಿ ಪಡೆದ ಒಬ್ಬ ಆಹಾರ ಸುರಕ್ಷತಾ ಮೇಲ್ವಿಚಾರಕ ಇರಬೇಕೆಂಬ ನಿಯಮವಿದೆ. ಎಂಟು ಜನರ ಶಾಖೆಯಲ್ಲಿ ಆ ಒಬ್ಬನೇ ಬಿಟ್ಟುಹೋದರೆ ಗೋಡೆಯ ಮೇಲಿನ ಪ್ರಮಾಣಪತ್ರ ಮಾತ್ರ ಉಳಿಯುತ್ತದೆ.

ಕೋಲಾರದೊಳಗೇ ಶಾಖೆಗೂ ಶಾಖೆಗೂ ವ್ಯತ್ಯಾಸ ಕಾಣುವುದಕ್ಕೆ ಇನ್ನೊಂದು ಕಾರಣವಿದೆ, ನನಗೆ ಎಲ್ಲಕ್ಕಿಂತ ಬಲವಾಗಿ ಕಾಣುವುದು ಅದೇ. ರಾಷ್ಟ್ರೀಯ ಹೆದ್ದಾರಿ 75ರ ಬದಿಯ ಮಳಿಗೆಗೆ ಬರುವವರು ತಿರುಪತಿಗೋ ಚೆನ್ನೈಗೋ ಹೊರಟವರು. ಬೆಳಿಗ್ಗೆ ಮುಡಿ ಕೊಡುವ ಅವಸರದಲ್ಲಿ ಇಳಿದು, ತಿಂದು, ಬೈದುಕೊಂಡು ಕಾರು ಹತ್ತಿದರೆ ಮತ್ತೆ ಬರುವುದು ಯಾವಾಗಲೋ. ಬಂದರೂ ಅದೇ ಮಳಿಗೆಗೆ ಬರುತ್ತಾರೆಂದು ಏನು ಖಾತ್ರಿ? ಕೆಟ್ಟ ಚಿಕನ್‌ನ ಬೆಲೆಯನ್ನು ಆ ಮಾಲೀಕ ತೆರುವುದಿಲ್ಲ. ಅದನ್ನು ತೆರುವುದು ಅದೇ ಹೆಸರಿಟ್ಟುಕೊಂಡ ಬೇರೆ ಊರಿನ ಶಾಖೆ. ಟಮಕದ ಕಾಲೇಜಿನ ಎದುರಿಗಿರುವವನ ಸ್ಥಿತಿ ತಿರುವುಮುರುವು. ಅವನ ಗಿರಾಕಿ ವಾರಕ್ಕೆ ಮೂರು ದಿನ ಬರುವ ವಿದ್ಯಾರ್ಥಿ. ಒಂದು ದಿನ ಹಾಳು ಎಣ್ಣೆಯಲ್ಲಿ ಕರಿದರೆ ಸಂಜೆಯೊಳಗೆ ಹಾಸ್ಟೆಲಿಗೆಲ್ಲ ಸುದ್ದಿ.

ಇದನ್ನು ಅಂಕಿಅಂಶದಲ್ಲಿ ಪರೀಕ್ಷಿಸಿದವರಿದ್ದಾರೆ. ಲಾಸ್ ಏಂಜಲೀಸ್ ಪ್ರದೇಶದ ರೆಸ್ಟೋರೆಂಟ್‌ಗಳ ಶುಚಿತ್ವದ ದಾಖಲೆಗಳನ್ನು ಹಿಡಿದು ಜಿಂಜರ್ ಜಿನ್ ಮತ್ತು ಫಿಲಿಪ್ ಲೆಸ್ಲಿ ಎಂಬ ಅರ್ಥಶಾಸ್ತ್ರಜ್ಞರು 2009ರಲ್ಲಿ ಪ್ರಕಟಿಸಿದ ಅಧ್ಯಯನ ಹೇಳಿದ್ದು ಇದನ್ನೇ. ಚೈನ್‌ಗೆ ಸೇರಿರುವುದರಿಂದ ಶುಚಿತ್ವ ಕಾಪಾಡುವ ಒತ್ತಡ ಹೆಚ್ಚುತ್ತದೆ, ಆದರೆ ಫ್ರಾಂಚೈಸಿ ಶಾಖೆಗಳು ಚೈನ್‌ನ ಒಳ್ಳೆಯ ಹೆಸರಿನ ಮೇಲೆ ಪುಕ್ಕಟೆ ಸವಾರಿ ಮಾಡುವ ಕಡೆಗೆ ವಾಲುತ್ತವೆ. ಚೈನ್‌ಗೆ ಸೇರದ ರೆಸ್ಟೋರೆಂಟ್‌ಗಳಲ್ಲಿ, ಮತ್ತೆ ಮತ್ತೆ ಬರುವ ಗಿರಾಕಿಗಳು ಎಷ್ಟಿದ್ದಾರೆ ಎಂಬುದರ ಮೇಲೆ ಶುಚಿತ್ವ ಏರಿಳಿಯುತ್ತದೆ. ಊರು ಲಾಸ್ ಏಂಜಲೀಸ್ ಆದರೂ ತರ್ಕ ಮುಳಬಾಗಿಲು ರಸ್ತೆಗೆ ಹಾಗೆಯೇ ಹೊಂದುತ್ತದೆ.

ಹಾಗೆಂದು ಎಲ್ಲವನ್ನೂ ಮಾಲೀಕತ್ವದ ತಲೆಗೆ ಕಟ್ಟಲಾಗದು. ಡೋಮಿನೋಸ್ ಮಳಿಗೆಗಳನ್ನು ಭಾರತದಲ್ಲಿ ಜ್ಯೂಬಿಲೆಂಟ್ ಫುಡ್‌ವರ್ಕ್ಸ್ ಎಂಬ ಒಂದೇ ಕಂಪನಿ ನಡೆಸುತ್ತದೆ. ಮಾಲೀಕ ಒಬ್ಬನೇ ಆದ ಇಂಥ ಚೈನ್‌ಗಳಲ್ಲೂ ಎರಡು ಊರಿನ ರುಚಿ ತಾಳೆಯಾಗುವುದಿಲ್ಲ ಎಂದು ಜನ ಗೊಣಗುತ್ತಾರೆ. ಅಲ್ಲಿ ಮ್ಯಾನೇಜರ್ ಯಾರು, ವ್ಯಾಪಾರ ಎಷ್ಟು, ಲಾರಿಯ ಸರದಿಯಲ್ಲಿ ಮಳಿಗೆ ಎಷ್ಟನೆಯದು ಎಂಬುವು ಲೆಕ್ಕಕ್ಕೆ ಬರುತ್ತವೆ. ಆದರೆ ಅಂಥ ಕಡೆ ಒಂದು ಅನುಕೂಲವಿದೆ: ಕೆಟ್ಟ ಶಾಖೆಯಿಂದ ಆಗುವ ನಷ್ಟವೂ ಅದನ್ನು ಸರಿಪಡಿಸುವ ಅಧಿಕಾರವೂ ಒಂದೇ ಜಾಗದಲ್ಲಿವೆ.

ಹೋಲಿಕೆಗೆ ನಮ್ಮ ಜಿಲ್ಲೆಯ ಹೆಸರುಗಳನ್ನೇ ನೋಡಿ. 'ಮುಳಬಾಗಿಲು ದೋಸೆ', 'ಬಂಗಾರಪೇಟೆ ಚಾಟ್ಸ್' ಎಂಬ ಬೋರ್ಡು ಬೆಂಗಳೂರಿನ ಬೀದಿಬೀದಿಯಲ್ಲಿದೆ. ಅದನ್ನು ಹಾಕಲು ಯಾರ ಅಪ್ಪಣೆಯೂ ಬೇಡ, ರಾಯಲ್ಟಿಯೂ ಇಲ್ಲ. ಒಂದೊಂದು ಅಂಗಡಿಯದು ಒಂದೊಂದು ರುಚಿ, ಯಾರೂ ಮೋಸ ಹೋದೆ ಎನ್ನುವುದಿಲ್ಲ, ಏಕೆಂದರೆ ಎಲ್ಲ ಕಡೆ ಒಂದೇ ಇರುತ್ತದೆಂದು ಯಾರೂ ಮಾತು ಕೊಟ್ಟಿರಲಿಲ್ಲ. ಚೈನ್ ಹೆಚ್ಚಿನ ಬೆಲೆ ಕೇಳುವುದೇ ಆ ಮಾತಿಗಾಗಿ.

ಗಿರಾಕಿ ತನ್ನ ಮಟ್ಟದಲ್ಲಿ ಮಾಡಬಹುದಾದದ್ದು ಮಾಲೀಕ ಯಾರೆಂದು ತಿಳಿದುಕೊಳ್ಳುವುದು. ಅದು ಬಿಲ್ಲಿನಲ್ಲೇ ಇದೆ. ಜಿಎಸ್‌ಟಿ ಸಂಖ್ಯೆಯಲ್ಲಿ 15 ಅಕ್ಷರ-ಅಂಕಿಗಳಿವೆ. ಮೊದಲ ಎರಡು ರಾಜ್ಯದ್ದು, ಕರ್ನಾಟಕಕ್ಕೆ 29. ಮೂರರಿಂದ ಹನ್ನೆರಡರವರೆಗಿನ ಹತ್ತು, ಮಾಲೀಕರ ಪ್ಯಾನ್. ಒಂದೇ ಚೈನ್‌ನ ಬೆಂಗಳೂರು ಬಿಲ್ಲನ್ನೂ ಕೋಲಾರದ ಬಿಲ್ಲನ್ನೂ ಪಕ್ಕಪಕ್ಕ ಇಟ್ಟು ಈ ಹತ್ತನ್ನು ಹೋಲಿಸಿ. ಬೇರೆಯಾಗಿದ್ದರೆ ಮಾಲೀಕರೂ ಬೇರೆ. ಇಡೀ ಸಂಖ್ಯೆಯ ಆರನೆಯ ಅಕ್ಷರ 'ಸಿ' ಆಗಿದ್ದರೆ ನಡೆಸುತ್ತಿರುವುದು ಕಂಪನಿ, 'ಎಫ್' ಆಗಿದ್ದರೆ ಪಾಲುದಾರಿಕೆ ಸಂಸ್ಥೆ, 'ಪಿ' ಆಗಿದ್ದರೆ ಒಬ್ಬ ವ್ಯಕ್ತಿ. 2022ರಿಂದ ಬಿಲ್ಲಿನಲ್ಲಿ ಕಡ್ಡಾಯವಾಗಿರುವ 14 ಅಂಕಿಯ ಆಹಾರ ಪರವಾನಗಿ ಸಂಖ್ಯೆಯೂ ಮಾತಾಡುತ್ತದೆ: 1ರಿಂದ ಶುರುವಾದರೆ ಪರವಾನಗಿ, 2 ಆದರೆ ಸಣ್ಣ ವ್ಯಾಪಾರಿಗಳ ನೋಂದಣಿ. ಮುಂದಿನ ಎರಡು ಅಂಕಿ 12 ಆದರೆ ಕರ್ನಾಟಕ, 00 ಆದರೆ ಕೇಂದ್ರದ ಪರವಾನಗಿ. ಝಗಮಗಿಸುವ ಹೆಸರಿನ ಬುಡದಲ್ಲಿ 2ರಿಂದ ಶುರುವಾಗುವ ಸಂಖ್ಯೆ ಕಂಡರೆ, ನೀವು ಕೂತಿರುವುದು ಸಣ್ಣ ವಹಿವಾಟಿನ ಮಳಿಗೆಯಲ್ಲಿ ಎಂದು ಅರ್ಥ. ಫಲಕದಲ್ಲಿ ಶೇ 60 ಕನ್ನಡವಿರಬೇಕು ಎಂದು 2024ರಲ್ಲಿ ಕಾನೂನು ಮಾಡಿದ ಸರ್ಕಾರ, ಅದೇ ಫಲಕದ ಕೆಳಗೆ ಶಾಖೆಯ ಮಾಲೀಕರ ಹೆಸರನ್ನೂ ಬರೆಸಿದ್ದರೆ ಈ ಪತ್ತೇದಾರಿ ಕೆಲಸ ಯಾರಿಗೂ ಬೇಕಿರಲಿಲ್ಲ.

ಶುಚಿತ್ವದ ದರ್ಜೆಯನ್ನು ಬಾಗಿಲಲ್ಲಿ ತೂಗುಹಾಕಿಸುವುದು ಇನ್ನೂ ಒಳ್ಳೆಯದು. ಲಾಸ್ ಏಂಜಲೀಸ್ ಕೌಂಟಿ 1998ರಲ್ಲಿ ಎ, ಬಿ, ಸಿ ಎಂಬ ದರ್ಜೆಯ ಚೀಟಿಯನ್ನು ರೆಸ್ಟೋರೆಂಟ್‌ಗಳ ಕಿಟಕಿಗೆ ಅಂಟಿಸಿತು. ಶುಚಿತ್ವ ಗಮನಾರ್ಹವಾಗಿ ಸುಧಾರಿಸಿತು ಎಂದು ಮೇಲೆ ಹೇಳಿದ ಅಧ್ಯಯನವೇ ದಾಖಲಿಸಿದೆ. ನಮ್ಮಲ್ಲೂ ಆಹಾರ ಪ್ರಾಧಿಕಾರದ ನಗುಮುಖದ ದರ್ಜೆಯ ಯೋಜನೆಯಿದೆ, ಐದು ನಗುಮುಖ ಬಂದರೆ ಅತ್ಯುತ್ತಮ. ಆದರೆ ಅದು ಸ್ವಯಂಪ್ರೇರಿತ. ಒಂದು ನಗುಮುಖಕ್ಕಾಗಿ ಅರ್ಜಿ ಹಾಕುವ ಮಾಲೀಕ ಎಲ್ಲಿದ್ದಾನೆ?

ಕಾನೂನು ಎಲ್ಲಿಯವರೆಗೆ ಬರುತ್ತದೆ ಎಂಬುದೂ ಸ್ಪಷ್ಟವಿರಲಿ. ಬಾಗಿದ ಫ್ರೈಸ್ ಅಪರಾಧವಲ್ಲ. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ ಕೊಳಕು ಅಡುಗೆಮನೆಗೆ 1 ಲಕ್ಷ ರೂಪಾಯಿವರೆಗೆ, ಕಳಪೆ ಆಹಾರಕ್ಕೆ 5 ಲಕ್ಷದವರೆಗೆ ದಂಡ ಹೇಳುತ್ತದೆ. ಅಸುರಕ್ಷಿತ ಆಹಾರಕ್ಕೆ ಜೈಲೂ ಇದೆ. ಆ ಕಾಯ್ದೆಯ 40ನೇ ಸೆಕ್ಷನ್ ಪ್ರಕಾರ ಕೊಂಡವರೇ ಶುಲ್ಕ ಕಟ್ಟಿ ಆಹಾರ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಬಹುದು, ಆದರೆ ಕೊಳ್ಳುವಾಗಲೇ ಮಳಿಗೆಯವರಿಗೆ ಹಾಗೆಂದು ತಿಳಿಸಿರಬೇಕು. ಕೌಂಟರ್‌ನಲ್ಲಿ ನಿಂತು ಹಾಗೆ ಹೇಳುವ ಧೈರ್ಯ ಎಷ್ಟು ಜನಕ್ಕಿದೆಯೋ. ಹೇಳಿದರೆ ಮಾತ್ರ ಅಂದು ಹೊಸ ಎಣ್ಣೆಯಲ್ಲಿ ಕರಿದದ್ದೇ ಬರುತ್ತದೆ ಎಂಬುದರಲ್ಲಿ ಅನುಮಾನವಿಲ್ಲ.

ಉಳಿದದ್ದು ಗ್ರಾಹಕರ ದಾರಿ. ರಾಷ್ಟ್ರೀಯ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಕೊಂಡದ್ದಕ್ಕೆ ಕೊಟ್ಟ ಹಣ 5 ಲಕ್ಷದೊಳಗಿದ್ದರೆ ದೂರನ್ನು ಜಿಲ್ಲಾ ಗ್ರಾಹಕ ಆಯೋಗಕ್ಕೆ ಶುಲ್ಕವಿಲ್ಲದೆ ಸಲ್ಲಿಸಬಹುದು. ದೂರು ಬರೆಯುವಾಗ ಶಾಖೆಯ ಮಾಲೀಕನನ್ನೂ ಹೆಸರಿನ ಒಡೆಯನಾದ ಕಂಪನಿಯನ್ನೂ ಇಬ್ಬರನ್ನೂ ಪ್ರತಿವಾದಿ ಮಾಡುವುದು ಜಾಣತನ. ಒಬ್ಬರನ್ನೇ ಮಾಡಿದರೆ ಶಾಖೆಯವನು ಸರಕು ಕಂಪನಿಯದು ಎನ್ನುತ್ತಾನೆ, ಕಂಪನಿ ಮಳಿಗೆ ಅವನದು ಎನ್ನುತ್ತದೆ. ಬಿಲ್ಲನ್ನು ಮಾತ್ರ ಎಸೆಯಬೇಡಿ, ಫೋಟೊ ತೆಗೆದಿಟ್ಟುಕೊಳ್ಳಿ. ಅನೇಕ ಕಡೆ ಅದನ್ನು ದಿನ ಕಳೆದಂತೆ ಅಕ್ಷರ ಮಾಸಿಹೋಗುವ ಕಾಗದದಲ್ಲಿ ಮುದ್ರಿಸಿರುತ್ತಾರೆ.